ಜೇಮ್ಸ್ ಪಟ್ಟಿಯ 13 ಇನಿಂಗ್ಸ್: ಜಾರ್ಜ್ ಹೆಡ್ಲಿಯವರ ಸರಾಸರಿಯನ್ನು ಕುರಿತು

ಟ್ರಿನಿಡಾಡ್‌ನ ಲೇಖಕ ಸಿ.ಎಲ್.ಆರ್. ಜೇಮ್ಸ್ ಅವರ ‘ಬಿಯಾಂಡ್ ಎ ಬೌಂಡರಿ’ (1963) ಪುಸ್ತಕದಲ್ಲಿ ಒಂದು ಚಿಕ್ಕ ಪಟ್ಟಿ ಇದೆ. ಮಳೆಯಲ್ಲಿ ನೆನೆದ, ನಂಬಿ ಆಡಲಾಗದ ಪಿಚ್‌ಗಳ ಮೇಲೆ ವೆಸ್ಟ್ ಇಂಡೀಸ್ ಬ್ಯಾಟ್ಸ್‌ಮನ್ ಜಾರ್ಜ್ ಹೆಡ್ಲಿ ಆಡಿದ 13 ಇನಿಂಗ್ಸ್‌ಗಳ ಪಟ್ಟಿ ಅದು; ಸರಾಸರಿ 39.85. ಆಸ್ಟ್ರೇಲಿಯದ ರೇ ರಾಬಿನ್ಸನ್ ‘ಬಿಟ್ವೀನ್ ವಿಕೆಟ್ಸ್’ ಪುಸ್ತಕದಲ್ಲಿ ಬ್ರಾಡ್ಮನ್‌ ಅವರದೂ ಇಂಥದೇ ಲೆಕ್ಕ ಕೊಟ್ಟಿದ್ದರು: 15 ಇನಿಂಗ್ಸ್, ಸರಾಸರಿ 16.66. ಜೇಮ್ಸ್ ಅದನ್ನು ತಂದು ತಮ್ಮ ಪಟ್ಟಿಯ ಪಕ್ಕದಲ್ಲಿಟ್ಟರು. ಅಂದಿನಿಂದ ಈ ಎರಡು ಸಂಖ್ಯೆಗಳು ಬರಹದಿಂದ ಬರಹಕ್ಕೆ ದಾಟುತ್ತ ಬಂದಿವೆ. ಪಟ್ಟಿಯೊಳಗಿನ ಇನಿಂಗ್ಸ್‌ಗಳು ಮಾತ್ರ ದಾಟಿಲ್ಲ. ಹೆಡ್ಲಿಯವರ ಅಭಿಮಾನಿಗಳು ಇದನ್ನು ಟೆಸ್ಟ್ ಅಂಕಿಅಂಶವೆಂದೇ ಉಲ್ಲೇಖಿಸುತ್ತಾರೆ. ಅವರ ಎದುರಾಳಿಗಳ ಪಾಲಿಗೆ ಇದು ಪಕ್ಷಪಾತಿಯೊಬ್ಬನ ನೆನಪಿನ ಲೆಕ್ಕ: ವೆಸ್ಟ್ ಇಂಡೀಸ್ ನಾಯಕತ್ವ ಕರಿಯ ಆಟಗಾರ ಫ್ರಾಂಕ್ ವೊರೆಲ್‌ ಅವರಿಗೆ ಸಿಗಬೇಕೆಂದು ಪತ್ರಿಕೆಯಲ್ಲಿ ಹೋರಾಡಿದ ಜೇಮ್ಸ್, ಹೆಡ್ಲಿಯವರನ್ನು ಹೊಗಳದೆ ಇನ್ನೇನು ಮಾಡುತ್ತಾರೆ ಎಂಬ ತರ್ಕ. ಎರಡೂ ಕಡೆಯವರು ಪಟ್ಟಿಯನ್ನು ಬಿಡಿಸಿ ನೋಡಿಲ್ಲ ಎಂಬುದೇ ನನ್ನ ತಕರಾರು.

ಬಿಡಿಸಿ ನೋಡೋಣ. ವೆಸ್ಟ್ ಇಂಡೀಸ್ ತಂಡದ 1933ರ ಇಂಗ್ಲೆಂಡ್ ಪ್ರವಾಸದ ಆರು: ನಾರ್ಥಾಂಪ್ಟನ್‌ಷೈರ್ ವಿರುದ್ಧ 52, ಯಾರ್ಕ್‌ಷೈರ್ 25, ನಾಟಿಂಗ್‌ಹ್ಯಾಮ್‌ಷೈರ್ 66, ಲ್ಯಾಂಕಾಷೈರ್ 66, ಲೆಸ್ಟರ್‌ಷೈರ್ 60, ಲೆವಿಸನ್-ಗೋವರ್ ತಂಡ 35. 1939ರ ಏಳು: ಸರ್ರೆ 52, ಯಾರ್ಕ್‌ಷೈರ್ 61, ಇಂಗ್ಲೆಂಡ್ 51 ಮತ್ತು 5, ಸಾಮರ್ಸೆಟ್ 0, ಗ್ಲೌಸ್ಟರ್‌ಷೈರ್ 40 ಮತ್ತು 5. ಒಟ್ಟು 518 ರನ್. ಇದರಲ್ಲಿ ಟೆಸ್ಟ್ ಇನಿಂಗ್ಸ್ ಎರಡೇ ಎರಡು, ಮ್ಯಾಂಚೆಸ್ಟರಿನವು. ಕೂಡಿದರೆ 56, ಸರಾಸರಿ 28. ಉಳಿದ 11ರಲ್ಲಿ 462 ರನ್, ಸರಾಸರಿ ಸರಿಯಾಗಿ 42. ಆದ್ದರಿಂದ 39.85ನ್ನು ಟೆಸ್ಟ್ ಸರಾಸರಿಗಳ ಜೊತೆಯಲ್ಲಿ ಬರೆಯುವುದು ತಪ್ಪು. ಹಾಗೆಂದು ಕೌಂಟಿ ಪಂದ್ಯಗಳೆಂಬ ಕಾರಣಕ್ಕೆ ಅವು ಹಗುರವೂ ಅಲ್ಲ. 1933, 1939 ಎರಡೂ ವರ್ಷ ಕೌಂಟಿ ಚಾಂಪಿಯನ್ ಆಗಿದ್ದದ್ದು ಇದೇ ಯಾರ್ಕ್‌ಷೈರ್.

ಪಕ್ಷಪಾತಿಯ ನೆನಪು ಎಂಬ ಆರೋಪ ಇನ್ನೂ ದುರ್ಬಲ. 1933ರಲ್ಲಿ ಜೇಮ್ಸ್ ಇಂಗ್ಲೆಂಡಿನಲ್ಲಿದ್ದು ‘ಮ್ಯಾಂಚೆಸ್ಟರ್ ಗಾರ್ಡಿಯನ್’ಗೆ ಕ್ರಿಕೆಟ್ ವರದಿ ಬರೆಯುತ್ತಿದ್ದರು, ನಿಜ. ಆದರೆ 1938ರ ಕೊನೆಯಲ್ಲೇ ಅವರು ಅಮೆರಿಕಕ್ಕೆ ಹೋಗಿದ್ದರು, 1953ರವರೆಗೆ ಹಿಂತಿರುಗಲಿಲ್ಲ. 1939ರ ಏಳು ಇನಿಂಗ್ಸ್‌ಗಳನ್ನು, ಅಂದರೆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು, ಅವರು ಕಣ್ಣಾರೆ ಕಂಡಿರಲು ಸಾಧ್ಯವೇ ಇಲ್ಲ. ಅಲ್ಲಿ ಅವರಿಗಿದ್ದ ಆಧಾರ ಅಚ್ಚಾದ ದಾಖಲೆ. ಜೇಮ್ಸ್ ಅವರ ರಾಜಕೀಯವನ್ನು ಒಪ್ಪದವರು ಅದೇ ದಾಖಲೆಯನ್ನು ತೆರೆದು ಪಟ್ಟಿ ತಪ್ಪೆಂದು ತೋರಿಸಬಹುದಿತ್ತು. ಆ ಶ್ರಮ ಬೇಡವೆನಿಸಿದಾಗ ಮಾತ್ರ ಸಂಶೋಧಕ ಬರೆದವನ ಜಾತಕ ಕೇಳುತ್ತಾನೆ.

ಪಟ್ಟಿಗೆ ನಿಜವಾದ ಆಕ್ಷೇಪ ಬೇರೆಯೇ ಇದೆ. ಯಾವ ಪಿಚ್ ‘ಕೆಟ್ಟದ್ದು’ ಎಂದು ಹೆಡ್ಲಿಯವರ ವಿಷಯದಲ್ಲಿ ನಿರ್ಧರಿಸಿದವರು ಜೇಮ್ಸ್, ಬ್ರಾಡ್ಮನ್ ವಿಷಯದಲ್ಲಿ ರಾಬಿನ್ಸನ್. ಅಳತೆಗೋಲು ಎರಡು. ಈ ಕಾರಣಕ್ಕೆ 39.85ರಿಂದ 16.66ನ್ನು ಕಳೆದು ಬಂದ ಅಂತರವನ್ನು ಹಿರಿಮೆಯ ಅಂತರವೆನ್ನಲು ನಾನು ಸಿದ್ಧನಿಲ್ಲ. ಆದರೆ ಹೆಡ್ಲಿಯವರ ಪಟ್ಟಿಯನ್ನು ಒಂಟಿಯಾಗಿ ಓದಿದರೂ ಅದರ ಒಳರಚನೆ ಮಾತಾಡುತ್ತದೆ. ಇಲ್ಲಿ ಶತಕವಿಲ್ಲ, ಅತಿ ಹೆಚ್ಚೆಂದರೆ 66. ರನ್‌ಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ನಟ್ಟನಡುವೆ ಬರುವ ಇನಿಂಗ್ಸ್ 51, ಸರಾಸರಿಗಿಂತ ಮೇಲೆ. ಒಂದೆರಡು ದೊಡ್ಡ ಆಟಗಳು ಎತ್ತಿ ಹಿಡಿದ ಸರಾಸರಿ ಇದಲ್ಲ. ಚೆಂಡು ಒಮ್ಮೆ ಎಗರಿ ಒಮ್ಮೆ ನಿಂತು ಬರುವ ನೆಲದ ಮೇಲೆ 13ರಲ್ಲಿ ಏಳು ಬಾರಿ ಐವತ್ತು ದಾಟುವುದು ಅದೃಷ್ಟದ ಲಕ್ಷಣವಲ್ಲ.

ಇನ್ನು ಜೇಮ್ಸ್ ಬಿಟ್ಟದ್ದು. ಪಟ್ಟಿ ಇಂಗ್ಲೆಂಡಿಗೆ ಸೀಮಿತವಾದ್ದರಿಂದ 1935ರ ಜನವರಿಯ ಬ್ರಿಜ್‌ಟೌನ್ ಟೆಸ್ಟ್ ಹೊರಗುಳಿಯಿತು. ಅಷ್ಟು ಕೆಟ್ಟ ಒದ್ದೆ ಪಿಚ್ ಟೆಸ್ಟ್ ಚರಿತ್ರೆಯಲ್ಲಿ ವಿರಳ. ವೆಸ್ಟ್ ಇಂಡೀಸ್ 102ಕ್ಕೆ ಆಲೌಟ್. ಇಂಗ್ಲೆಂಡ್ 7 ವಿಕೆಟ್‌ಗೆ 81 ಆದಾಗ ಡಿಕ್ಲೇರ್. ವೆಸ್ಟ್ ಇಂಡೀಸ್ 6 ವಿಕೆಟ್‌ಗೆ 51 ಆದಾಗ ಮತ್ತೆ ಡಿಕ್ಲೇರ್. ಇಂಗ್ಲೆಂಡ್ 6 ವಿಕೆಟ್‌ಗೆ 75 ಮಾಡಿ ಗೆದ್ದಿತು. ಹೆಡ್ಲಿ ಮೊದಲ ಸಲ 44 ಮಾಡಿ ರನ್ಔಟ್ ಆದರು, ಎರಡನೆಯ ಸಲ 0. ತಂಡದ 102ರಲ್ಲಿ ಅವರೊಬ್ಬರದೇ ಶೇ 43. ಇವೆರಡನ್ನೂ ಸೇರಿಸಿದರೆ ಹೆಡ್ಲಿಯವರಿಗೂ 15 ಇನಿಂಗ್ಸ್ ಆಗುತ್ತವೆ: 562 ರನ್, ಸರಾಸರಿ 37.47. ಸಂಖ್ಯೆ ಇಳಿಯಿತು, ಸಾಕ್ಷ್ಯ ಗಟ್ಟಿಯಾಯಿತು. ಟೆಸ್ಟ್ ಇನಿಂಗ್ಸ್ ಎರಡಿದ್ದದ್ದು ನಾಲ್ಕಾಯಿತು. ಪಕ್ಷಪಾತಿಯೆನಿಸಿಕೊಂಡವರು ಕೈಬಿಟ್ಟದ್ದು ತಮ್ಮ ವಾದಕ್ಕೇ ಒದಗುತ್ತಿದ್ದ 44ನ್ನು.

ಬ್ರಾಡ್ಮನ್‌ ಅವರನ್ನು ಇಳಿಸುವುದು ನನ್ನ ಉದ್ದೇಶವಲ್ಲ. 80 ಇನಿಂಗ್ಸ್, 6996 ರನ್, 99.94, ಇದರ ಮುಂದೆ ವಾದವಿಲ್ಲ. ಆದರೆ ಆ ಸರಾಸರಿಯೊಳಗೆ ಪಿಚ್ ಹೇಗೆ ಸೇರಿಕೊಂಡಿದೆ ಎಂಬುದನ್ನು ಕಾಣಲು 1937ರ ಜನವರಿಯ ಮೆಲ್ಬರ್ನ್ ಟೆಸ್ಟ್ ಸಾಕು. ಮಳೆ ಬಿದ್ದ ಪಿಚ್‌ಗೆ ನಾಯಕ ಬ್ರಾಡ್ಮನ್ ಓರೈಲಿ, ಫ್ಲೀಟ್‌ವುಡ್-ಸ್ಮಿತ್ ಎಂಬ ಬೌಲರುಗಳನ್ನು ಮೊದಲು ಕಳಿಸಿ, ನೆಲ ಒಣಗಿದ ಮೇಲೆ ಏಳನೆಯವರಾಗಿ ಬಂದು 270 ಹೊಡೆದರು, ಫಿಂಗಲ್ಟನ್ ಜೊತೆ 346ರ ಜೊತೆಯಾಟ ಕಟ್ಟಿದರು. ನಾಯಕನಾಗಿ ಅದು ಅಪ್ಪಟ ಜಾಣತನ. ಅವರ ತಂಡದಲ್ಲಿ ಹಾಗೆ ಕಾಯಲು ಅವಕಾಶವಿತ್ತು, ನೆಲ ಒಣಗಿದ ಮೇಲೆ ಆಡಲು ಫಿಂಗಲ್ಟನ್ ಅವರಂಥವರು ಉಳಿದಿದ್ದರು. ಹೆಡ್ಲಿಯವರಿಗೆ ಮೂರನೆಯ ಕ್ರಮಾಂಕದ ಹೊಣೆಯಿಂದ ಅಂಥ ಬಿಡುವು ಸಿಕ್ಕಿದ್ದು ತೀರ ಕಡಿಮೆ.

ಕನಿಷ್ಠ 20 ಟೆಸ್ಟ್ ಎಂಬ ಗೆರೆ ಎಳೆದು ಮಾಡುವ ಪಟ್ಟಿಗಳಲ್ಲಿ ಬ್ರಾಡ್ಮನ್ ನಂತರ ಆಡಂ ವೋಜಸ್ (61.87), ಗ್ರೇಮ್ ಪೊಲಾಕ್ (60.97), ಆಮೇಲೆ ಹೆಡ್ಲಿ (60.83). ವೋಜಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಅವರ 1485 ರನ್‌ಗಳಲ್ಲಿ 542 ಬಂದದ್ದು ವೆಸ್ಟ್ ಇಂಡೀಸ್ ವಿರುದ್ಧ, ಒಂದೇ ಬಾರಿ ಔಟಾಗಿ. ಅದನ್ನು ತೆಗೆದರೆ ಉಳಿಯುವ ಸರಾಸರಿ 41. ಹೆಡ್ಲಿಯವರ ವಿಷಯದಲ್ಲಿ ಕಳೆಯಬೇಕಾದದ್ದು ತದ್ವಿರುದ್ಧ. 1939ರವರೆಗಿನ 19 ಟೆಸ್ಟ್‌ಗಳಲ್ಲಿ ಅವರ ಗಳಿಕೆ 2135 ರನ್, ಸರಾಸರಿ 66.72. ಯುದ್ಧಾನಂತರದ ಮೂರು ಟೆಸ್ಟ್‌ಗಳಲ್ಲಿ ಕೇವಲ 55. 1948ರಲ್ಲಿ ಬ್ರಿಜ್‌ಟೌನ್‌ನಲ್ಲಿ ವೆಸ್ಟ್ ಇಂಡೀಸ್‌ನ ಮೊದಲ ಕರಿಯ ನಾಯಕರಾಗಿ, ಮೊದಲ ಇನಿಂಗ್ಸ್‌ನಲ್ಲಿ 29, ಎರಡನೆಯದರಲ್ಲಿ ಬೆನ್ನುನೋವಿನಿಂದ ಕೊನೆಯವರಾಗಿ ಬ್ಯಾಟ್ ಹಿಡಿದು 7; ಅದೇ ವರ್ಷ ದೆಹಲಿಯಲ್ಲಿ, ವೀಕ್ಸ್, ವಾಲ್ಕಾಟ್ ಸೇರಿ ನಾಲ್ವರು ಶತಕ ಹೊಡೆದ ಇನಿಂಗ್ಸ್‌ನಲ್ಲಿ 2; 1954ರಲ್ಲಿ ಜಮೈಕಾದ ಜನ ಚಂದಾ ಎತ್ತಿ ಕರೆಸಿಕೊಂಡಾಗ, 44ರ ವಯಸ್ಸಿನಲ್ಲಿ, 16 ಮತ್ತು 1. ಆ 55 ರನ್‌ಗಳನ್ನು ಸರಾಸರಿಯಿಂದ ಅಳಿಸಬೇಕೆಂದು ನಾನು ಕೇಳುವುದಿಲ್ಲ. 60.83 ಎಂದು ಬರೆಯುವವರು ಅದರೊಳಗೆ ಇವೂ ಇವೆ ಎಂದು ತಿಳಿದು ಬರೆಯಲಿ.

ಜೇಮ್ಸ್ ಅವರ ಮೇಲೆ ನನಗೆ ಒಂದೇ ಅಸಮಾಧಾನ: ಹೋಲಿಕೆಗೆ ಅವರು ಆರಿಸಿದ್ದು ಬ್ರಾಡ್ಮನ್‌ ಅವರನ್ನು. ಒದ್ದೆ ಪಿಚ್‌ನ ಮಾತಿನಲ್ಲಿ ಹೆಡ್ಲಿಯವರಿಗೆ ಸರಿಸಾಟಿ, ಸರಾಸರಿಯ ಪಟ್ಟಿಯಲ್ಲೂ ಅವರ ಬೆನ್ನಿಗೇ ಇರುವ ಹರ್ಬರ್ಟ್ ಸಟ್‌ಕ್ಲಿಫ್ (60.73). 1926ರ ಓವಲ್‌ನಲ್ಲಿ ಅವರ 161, 1929ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ 332ರ ಗುರಿ ಬೆನ್ನಟ್ಟಿ ಹೊಡೆದ 135, ಎರಡೂ ಮಳೆ ಬಿದ್ದ ಪಿಚ್‌ನ ಮೇಲೆ, ಎರಡೂ ಟೆಸ್ಟ್‌ಗಳಲ್ಲಿ. ಆದರೆ ಎರಡೂ ಸಲ ಮತ್ತೊಂದು ತುದಿಯಲ್ಲಿ ಜ್ಯಾಕ್ ಹಾಬ್ಸ್ ಇದ್ದರು. ಆರಂಭದ ಜೊತೆಯಾಟ ಓವಲ್‌ನಲ್ಲಿ 172, ಮೆಲ್ಬರ್ನ್‌ನಲ್ಲಿ 105. ಸಟ್‌ಕ್ಲಿಫ್ ಅವರ ಇಂಥ ಇನಿಂಗ್ಸ್‌ಗಳನ್ನೆಲ್ಲ ಹೆಡ್ಲಿಯವರ 15ರ ಪಕ್ಕದಲ್ಲಿ, ಒಂದೇ ಅಳತೆಗೋಲಿನಿಂದ, ತಂಡದ ಮೊತ್ತ ಮತ್ತು ಜೊತೆಗಾರರ ರನ್ ಸಮೇತ ಬರೆದಾಗ ಈ ವಿವಾದ ಸರಿಯಾದ ಜಾಗದಲ್ಲಿ ಶುರುವಾಗುತ್ತದೆ.