ರೆವಿನ್ಯೂ ನಿವೇಶನ

ರೆವಿನ್ಯೂ ನಿವೇಶನ ಎಂದರೆ ಕೃಷಿ ಜಮೀನನ್ನು ಭೂಪರಿವರ್ತನೆ ಮಾಡಿಸದೆ, ಅಥವಾ ಪರಿವರ್ತನೆಯಾಗಿದ್ದರೂ ಯೋಜನಾ ಪ್ರಾಧಿಕಾರದಿಂದ ಬಡಾವಣೆ ನಕ್ಷೆಗೆ ಅನುಮೋದನೆ ಪಡೆಯದೆ, ತುಂಡುಗಳಾಗಿ ವಿಂಗಡಿಸಿ ಮನೆ ಕಟ್ಟಲು ಮಾರಿದ ಜಾಗ. ಜಮೀನು ಇನ್ನೂ ಕಂದಾಯ ಇಲಾಖೆಯ ಪಹಣಿಯಲ್ಲಿಯೇ ಉಳಿದಿರುವುದರಿಂದ ಈ ಹೆಸರು ಬಂದಿದೆ. ಬೆಂಗಳೂರಿನಲ್ಲಿ ಸೀಮಿತ ಆದಾಯದ ಕುಟುಂಬಗಳು, ಅದರಲ್ಲೂ ಬೇರೆ ಜಿಲ್ಲೆಗಳಿಂದ ದುಡಿಯಲು ಬಂದವರು, ಮೊದಲ ಸ್ವಂತ ಮನೆಯನ್ನು ಕಂಡುಕೊಂಡ ಮುಖ್ಯ ದಾರಿಗಳಲ್ಲಿ ಇದೂ ಒಂದು. ನಗರದ ಹೊರವಲಯದ ಎಷ್ಟೋ ವಸತಿ ಪ್ರದೇಶಗಳು ಇಂತಹ ನಿವೇಶನಗಳ ಮೇಲೆಯೇ ಬೆಳೆದಿವೆ.

ಕಾನೂನಿನ ಹಿನ್ನೆಲೆ

ಕೃಷಿ ಜಮೀನನ್ನು ವಸತಿಗೆ ಬಳಸಬೇಕಾದರೆ ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೆಯ ಕಲಮಿನಂತೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆಯ ಆದೇಶ ಪಡೆಯಬೇಕು. ಅನಂತರ ಅದನ್ನು ನಿವೇಶನಗಳಾಗಿ ವಿಂಗಡಿಸಲು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರಂತೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು. ಇವು ಎರಡು ಬೇರೆ ಬೇರೆ ಹಂತಗಳು. ಮೊದಲನೆಯದು ಮುಗಿದ ಮಾತ್ರಕ್ಕೆ ಎರಡನೆಯದು ಮುಗಿದಂತಲ್ಲ. ಖರೀದಿದಾರರು ಹೆಚ್ಚಾಗಿ ಎಡವುವುದು ಇಲ್ಲಿಯೇ. 'ಡಿ.ಸಿ. ಕನ್ವರ್ಷನ್ ಆಗಿದೆ' ಎಂಬ ಮಾತು ನಿಜವಿದ್ದರೂ ಬಡಾವಣೆ ಅನಧಿಕೃತವಾಗಿರಬಹುದು.

ಬೆಲೆ ಕಡಿಮೆಯಾಗಲು ಕಾರಣ

ರೆವಿನ್ಯೂ ನಿವೇಶನದ ಬೆಲೆ ಕಡಿಮೆಯಿರುವುದಕ್ಕೆ ಮಾರುವವನ ಔದಾರ್ಯ ಕಾರಣವಲ್ಲ, ಭೂಮಿಯ ಲೆಕ್ಕಾಚಾರ ಕಾರಣ. ಒಂದು ಎಕರೆಯಲ್ಲಿ 40 ಗುಂಟೆ, ಎಂದರೆ 43,560 ಚದರ ಅಡಿ ಇರುತ್ತದೆ. ಅನುಮೋದಿತ ಬಡಾವಣೆಯಲ್ಲಿ ರಸ್ತೆ, ಉದ್ಯಾನ ಮತ್ತು ನಾಗರಿಕ ಸೌಕರ್ಯಗಳಿಗೆ ಜಾಗ ಬಿಟ್ಟ ಮೇಲೆ ಮಾರಲು ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉದಾಹರಣೆಗೆ ಶೇ. 55ರಷ್ಟು ಉಳಿದರೆ 30x40 ಅಡಿ ಅಳತೆಯ ಸುಮಾರು 20 ನಿವೇಶನಗಳಾಗುತ್ತವೆ. ಉದ್ಯಾನವನ್ನು ಬಿಡದೆ, ಕಿರಿದಾದ ರಸ್ತೆಗಳನ್ನಷ್ಟೇ ಬಿಟ್ಟು ಶೇ. 75ರಷ್ಟನ್ನು ಮಾರಿದರೆ ಅದೇ ಎಕರೆಯಲ್ಲಿ 27 ನಿವೇಶನಗಳು ಸಿಗುತ್ತವೆ. ಇದರ ಜೊತೆಗೆ ಪರಿವರ್ತನಾ ಶುಲ್ಕ, ಅಭಿವೃದ್ಧಿ ಶುಲ್ಕ, ಒಳಚರಂಡಿ ಮತ್ತು ನೀರಿನ ಕೊಳವೆಯ ವೆಚ್ಚಗಳೂ ಉಳಿಯುತ್ತವೆ.

ಹೀಗೆ ಉಳಿದ ವೆಚ್ಚ ಇಲ್ಲವಾಗುವುದಿಲ್ಲ. ಕೊಂಡವನ ಹೆಗಲಿಗೆ ಬರುತ್ತದೆ. ನಿವಾಸಿಗಳು ಕೊಳವೆಬಾವಿ ಅಥವಾ ಟ್ಯಾಂಕರ್ ನೀರನ್ನು ನೆಚ್ಚಿಕೊಂಡು, ಒಳಚರಂಡಿಯಿಲ್ಲದೆ ಶೌಚಗುಂಡಿ ತೋಡಿಸಿಕೊಂಡು, ರಸ್ತೆಗೆ ತಾವೇ ಮಣ್ಣು ಹೊಡೆಸಿಕೊಂಡು ವರ್ಷಗಟ್ಟಲೆ ಕಳೆಯುತ್ತಾರೆ.

ನೋಂದಣಿ ಮತ್ತು ಖಾತಾ

ಕ್ರಯಪತ್ರ ನೋಂದಣಿಯಾದರೆ ಎಲ್ಲವೂ ಕಾನೂನುಬದ್ಧವಾಯಿತೆಂಬ ನಂಬಿಕೆ ವ್ಯಾಪಕವಾಗಿದೆ. ನೋಂದಣಿ ಅಧಿನಿಯಮ, 1908ರ ಅಡಿಯಲ್ಲಿ ಉಪನೋಂದಣಾಧಿಕಾರಿ ನೋಂದಾಯಿಸುವುದು ದಸ್ತಾವೇಜನ್ನು. ಮಾರುವವನಿಗೆ ಹಕ್ಕಿದೆಯೆಂದಾಗಲಿ, ಬಡಾವಣೆ ಸಕ್ರಮವೆಂದಾಗಲಿ ಅವರು ಖಾತರಿ ಕೊಡುವುದಿಲ್ಲ. ನೋಂದಣಿಗೆ ಅಡಚಣೆಯಿದ್ದ ಕಡೆಗಳಲ್ಲಿ ಜನರಲ್ ಪವರ್ ಆಫ್ ಅಟಾರ್ನಿ (ಜಿ.ಪಿ.ಎ.) ಮೂಲಕ ಮಾರುವ ರೂಢಿಯೂ ಇತ್ತು. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ, ಇಂತಹ ವ್ಯವಹಾರದಿಂದ ಸ್ಥಿರಾಸ್ತಿಯ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲ ಎಂದು ಸ್ಪಷ್ಟಪಡಿಸಿತು.

ಖಾತಾ ಎಂಬುದು ತೆರಿಗೆಯ ಉದ್ದೇಶಕ್ಕಾಗಿ ಸ್ಥಳೀಯ ಸಂಸ್ಥೆ ಇಡುವ ದಾಖಲೆ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯೊಂದಿಗೆ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ ಅಪಾರ ಸಂಖ್ಯೆಯ ರೆವಿನ್ಯೂ ನಿವೇಶನಗಳು ನಗರದ ಎಲ್ಲೆಯೊಳಗೆ ಬಂದವು. ಇವುಗಳಿಂದ ತೆರಿಗೆ ಪಡೆಯಲು 'ಬಿ' ವಹಿಯಲ್ಲಿ ನಮೂದಿಸುವ ಪದ್ಧತಿ ಬೆಳೆಯಿತು. ಜನರ ಬಾಯಲ್ಲಿ ಇದು 'ಬಿ ಖಾತಾ' ಆಯಿತು. ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಆಸ್ತಿ ಸಕ್ರಮವಾಗದು ಎಂಬುದು ಇದರ ಮೂಲ ಷರತ್ತು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇದಕ್ಕೆ ಸಮನಾದದ್ದು ಇ-ಸ್ವತ್ತು ತಂತ್ರಾಂಶದ ನಮೂನೆ 11ಬಿ. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಆಸ್ತಿಗಳ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ, ಖಾತಾ ಇಲ್ಲದ ನಿವೇಶನವನ್ನು ಮರುಮಾರಾಟ ಮಾಡುವುದು ಕಷ್ಟವಾಗಿದೆ.

ಹಣದ ಹೊಂದಾಣಿಕೆ

ಬ್ಯಾಂಕುಗಳು ಸಾಮಾನ್ಯವಾಗಿ ರೆವಿನ್ಯೂ ನಿವೇಶನಕ್ಕೆ ಗೃಹಸಾಲ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ ಶೇ. 90ರವರೆಗೆ ಇರಬಹುದು. ಆದರೆ ದಾಖಲೆ ಪೂರ್ಣವಿಲ್ಲದವರಿಗೆ ಈ ಮಿತಿಯಿಂದ ಪ್ರಯೋಜನವಿಲ್ಲ. ಅವರು ಚೀಟಿ ಹಣ, ಒಡವೆ ಸಾಲ, ಕೈಸಾಲ ಮತ್ತು ಖಾಸಗಿ ಫೈನಾನ್ಸ್‌ಗಳನ್ನು ಅವಲಂಬಿಸುತ್ತಾರೆ. ಇವುಗಳ ಬಡ್ಡಿ ಗೃಹಸಾಲಕ್ಕಿಂತ ಹೆಚ್ಚು, ತೀರಿಸುವ ಅವಧಿ ಕಡಿಮೆ. ನಿವೇಶನದ ಬೆಲೆಯಲ್ಲಿ ಉಳಿದದ್ದು ಬಡ್ಡಿಯಲ್ಲಿ ಹೋಗುವ ಸಂಭವವಿದೆ.

ಮನೆಯೂ ಒಮ್ಮೆಲೇ ಏಳುವುದಿಲ್ಲ. ಮೊದಲು ಸಿಮೆಂಟ್ ಇಟ್ಟಿಗೆಯ ಗೋಡೆಗೆ ಶೀಟು ಹೊದಿಸಿ ಸಂಸಾರ ಹೂಡುತ್ತಾರೆ. ಬಾಡಿಗೆ ಅಥವಾ ಭೋಗ್ಯದ ಮನೆ ಬಿಟ್ಟದ್ದರಿಂದ ಉಳಿಯುವ ಹಣದಲ್ಲಿ ಮೋಲ್ಡ್ ಹಾಕಿಸುತ್ತಾರೆ. ಮುಂದೆ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ಈ ರೀತಿ ಕೈಗೆ ಹಣ ಬಂದಂತೆ ಕಟ್ಟುವ ಅವಕಾಶ ಫ್ಲ್ಯಾಟ್‌ನಲ್ಲಿ ಇಲ್ಲ. ಅಪಾಯದ ಅರಿವಿದ್ದೂ ಜನ ರೆವಿನ್ಯೂ ನಿವೇಶನವನ್ನು ಆರಿಸಿಕೊಳ್ಳುವುದಕ್ಕೆ ಇದು ಬಲವಾದ ಕಾರಣ; ಅದನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ.

ಕಲಬುರಗಿ ಜಿಲ್ಲೆಯ ವಲಸಿಗರು

ಮಳೆಯನ್ನು ನಂಬಿ ತೊಗರಿ ಬೆಳೆಯುವ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಿಂದ ಜನರು ಬೆಂಗಳೂರು, ಮುಂಬೈ, ಪುಣೆ ಮತ್ತು ಹೈದರಾಬಾದ್‌ಗೆ ದುಡಿಯಲು ಹೋಗುವುದು ಹಳೆಯ ಸಂಗತಿ. ಬೆಂಗಳೂರಿನಲ್ಲಿ ಇವರಲ್ಲಿ ಅನೇಕರು ಕಟ್ಟಡ ಕೆಲಸದಲ್ಲಿದ್ದಾರೆ. ಊರಿನ ಹೊಲ ತಂದೆ ಅಥವಾ ಅಜ್ಜನ ಹೆಸರಿನ ಪಹಣಿಯಲ್ಲಿದ್ದು ಅಣ್ಣತಮ್ಮಂದಿರ ನಡುವೆ ಪಾಲಾಗದೆ ಉಳಿದಿದ್ದರೆ, ಅದರ ಆಧಾರದಲ್ಲಿ ನಗರದ ಮನೆಗೆ ಹಣ ಹೊಂದಿಸುವುದು ಸುಲಭವಲ್ಲ.

ಇವರಿಗೆ ಭಾಷೆಯ ತೊಡಕೂ ಇದೆ, ಅದೂ ಕನ್ನಡದೊಳಗಿನ ತೊಡಕು. ಬೆಂಗಳೂರಿನ 'ಸೈಟು' ಕಲಬುರಗಿಯಲ್ಲಿ 'ಪ್ಲಾಟು'. ಅಲ್ಲಿ ಭೂಪರಿವರ್ತನೆಯಾದ ಜಾಗಕ್ಕೆ 'ಎನ್.ಎ. ಪ್ಲಾಟು' ಎನ್ನುತ್ತಾರೆ ಮತ್ತು ಎನ್.ಎ. ಆಗಿದ್ದರೆ ಸಾಕೆಂದು ಭಾವಿಸುವವರು ಬಹಳ. ಊರಿನ ಈ ಅಳತೆಗೋಲನ್ನು ಹಿಡಿದು ಬೆಂಗಳೂರಿನಲ್ಲಿ ವಿಚಾರಿಸಿದರೆ ಪರಿವರ್ತನೆಯ ಆದೇಶವನ್ನು ತೋರಿಸಿ ಸಮಾಧಾನಪಡಿಸುವುದು ಮಾರುವವರಿಗೆ ಸುಲಭ. ಬಡಾವಣೆ ನಕ್ಷೆಯ ಅನುಮೋದನೆಯನ್ನು ಬೇರೆಯಾಗಿಯೇ ಕೇಳಬೇಕಾಗುತ್ತದೆ. ಆಳಂದದ ಗಡಿಯಾಚೆಗಿನ ಮಹಾರಾಷ್ಟ್ರದಲ್ಲಿ ಇದೇ ಬಗೆಯ ನಿವೇಶನಗಳನ್ನು 'ಗುಂಠೇವಾರಿ' ಎಂದು ಕರೆಯುತ್ತಾರೆ. ಅವುಗಳ ಸಕ್ರಮಕ್ಕೆ ಅಲ್ಲಿ 2001ರಲ್ಲಿಯೇ ಪ್ರತ್ಯೇಕ ಕಾನೂನು ಬಂದಿದೆ.

ಅಪಾಯಗಳು ಮತ್ತು ಪರಿಶೀಲನೆ

ಕೆರೆಯಂಗಳ, ರಾಜಕಾಲುವೆ ಅಥವಾ ಗೋಮಾಳದ ಜಾಗವನ್ನು ಸೇರಿಸಿ ಮಾರಿದ್ದರೆ ಕಟ್ಟಡ ತೆರವಾಗುವ ಭಯವಿರುತ್ತದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಂಡಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಅದು ಮೂಲ ಮಂಜೂರುದಾರರಿಗೆ ಮರಳುತ್ತದೆ. 2023ರ ತಿದ್ದುಪಡಿಯ ನಂತರ ಇದಕ್ಕೆ ಕಾಲಮಿತಿಯೂ ಇಲ್ಲ. ಸಾರ್ವಜನಿಕ ಬಡಾವಣೆಗಾಗಿ ಭೂಸ್ವಾಧೀನವಾಗುವ ಸಾಧ್ಯತೆ ಮತ್ತೊಂದು. ಅರ್ಕಾವತಿ ಬಡಾವಣೆಗೆ ಸಂಬಂಧಿಸಿದ 2010ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಗೊಂಡ ಜಮೀನಿನಲ್ಲಿ ನಿವೇಶನ ಕೊಂಡಿದ್ದವರಿಗೆ ಷರತ್ತುಗಳ ಮೇಲೆ ಪ್ರಾಧಿಕಾರದಿಂದ ನಿವೇಶನ ಪಡೆಯುವ ಅವಕಾಶವನ್ನು ಉಳಿಸಿತು.

ಪಹಣಿ, ಮ್ಯುಟೇಷನ್, ಮೂಲ ಕ್ರಯಪತ್ರ ಮತ್ತು ಮಾರುವ ಕುಟುಂಬದ ವಂಶವೃಕ್ಷಗಳನ್ನು ವಕೀಲರಿಂದ ನೋಡಿಸುವುದು ರೂಢಿ. ಋಣಭಾರ ಪ್ರಮಾಣಪತ್ರವನ್ನು ಕಾವೇರಿ ಜಾಲತಾಣದಲ್ಲಿ ಪಡೆಯಬಹುದು. ನಿಂತ ಜಾಗದ ಸರ್ವೆ ನಂಬರನ್ನು ತಿಳಿಯಲು ಸರ್ಕಾರದ 'ದಿಶಾಂಕ್' ಆ್ಯಪ್ ಇದೆ. ಮಾರುವವನು ತೋರಿಸಿದ ಜಾಗವೂ ಕಾಗದದಲ್ಲಿರುವ ಜಾಗವೂ ಒಂದೇ ಸರ್ವೆ ನಂಬರಿನಲ್ಲಿವೆಯೇ ಎಂದು ನೋಡಲು ಇದು ನೆರವಾಗುತ್ತದೆ.

ಬೇರೆ ದಾರಿಗಳು

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ನಿವೇಶನಗಳಿಗೆ ದಾಖಲೆಯ ತೊಂದರೆಯಿಲ್ಲ. ಆದರೆ ಬೇಡಿಕೆ ಹೆಚ್ಚಾಗಿದ್ದು, ಹಿಂದೆ ಎಷ್ಟು ಬಾರಿ ಅರ್ಜಿ ಹಾಕಿ ವಿಫಲರಾಗಿದ್ದಾರೆ ಎಂಬುದು ಆಯ್ಕೆಯಲ್ಲಿ ಗಣನೆಗೆ ಬರುವುದರಿಂದ ಹೊಸಬರು ಕಾಯಬೇಕಾಗುತ್ತದೆ. ರಾಜೀವ್ ಗಾಂಧಿ ವಸತಿ ನಿಗಮದ 'ಮುಖ್ಯಮಂತ್ರಿಗಳ 1 ಲಕ್ಷ ಬಹುಮಹಡಿ ವಸತಿ ಯೋಜನೆ' ಬಡ ಕುಟುಂಬಗಳಿಗಾಗಿ ರೂಪುಗೊಂಡದ್ದು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ, ವಾರ್ಷಿಕ ಆದಾಯ 9 ಲಕ್ಷ ರೂಪಾಯಿವರೆಗಿದ್ದು ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆಯಿಲ್ಲದ ಕುಟುಂಬಗಳಿಗೆ ಗರಿಷ್ಠ 1.80 ಲಕ್ಷ ರೂಪಾಯಿ ಬಡ್ಡಿ ಸಹಾಯಧನ ದೊರೆಯುತ್ತದೆ. ಮನೆಯ ಬೆಲೆ 35 ಲಕ್ಷ ರೂಪಾಯಿ ಮೀರಿರಬಾರದು. ಊರಿನಲ್ಲಿ ತಮ್ಮ ಹೆಸರಿನಲ್ಲಿ ಪಕ್ಕಾ ಮನೆಯಿರುವ ವಲಸಿಗರು ಈ ಸಹಾಯಕ್ಕೆ ಅರ್ಹರಾಗುವುದಿಲ್ಲ.

ಸಕ್ರಮೀಕರಣ

'ಅಕ್ರಮ-ಸಕ್ರಮ' ಎಂದು ಹೆಸರಾದ ಯೋಜನೆಗೆ 2007ರ ಕಾನೂನು ತಿದ್ದುಪಡಿ ತಳಹದಿ. ನಿಯಮಗಳು 2014ರಲ್ಲಿ ಹೊರಬಂದವು. 2016ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತಾದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2025ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ಹೊರಗಿನ ನಗರ, ಪಟ್ಟಣಗಳ ಅನಧಿಕೃತ ಆಸ್ತಿಗಳಿಗೂ ಬಿ ಖಾತಾ ನೀಡಲು ಕಾನೂನು ತಿದ್ದುಪಡಿ ಮಾಡಿತು. ಆಳಂದ, ಅಫಜಲಪುರ ಮತ್ತು ಜೇವರ್ಗಿ ಪಟ್ಟಣಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಅದೇ ವರ್ಷದ ನವೆಂಬರ್ 1ರಿಂದ ಬೆಂಗಳೂರಿನಲ್ಲಿ, ಮಾರ್ಗಸೂಚಿ ದರದ ಶೇ. 5ರಷ್ಟು ಶುಲ್ಕ ಪಡೆದು ಬಿ ಖಾತಾ ನಿವೇಶನಗಳಿಗೆ ಎ ಖಾತಾ ನೀಡುವ ಕ್ರಮ ಆರಂಭವಾಯಿತು.