ಮಾತೃಭಾಷೆ ಎಂಬ ಕಾಲಂ

ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಗಿರೀಶ ಕಾರ್ನಾಡರದು ಕೊಂಕಣಿ. 'ನಿಮ್ಮ ಮನೆಮಾತು ಯಾವುದು?' ಎಂದು ಕರ್ನಾಟಕದಲ್ಲಿ ಯಾರೂ ಯಾರನ್ನೂ ಅಳುಕಿಲ್ಲದೆ ಕೇಳಬಹುದು. ಉತ್ತರ ಏನೇ ಬಂದರೂ ಹೇಳಿದವರ ಕನ್ನಡತನಕ್ಕೆ ಕುಂದಿಲ್ಲ. 'ಮಾತೃಭಾಷೆ'ಯ ಬದುಕು ಇಷ್ಟು ಹಗುರವಲ್ಲ.

ಜನಗಣತಿಯ ಪ್ರಕಾರ, ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ನುಡಿಯೇ ಮಾತೃಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಆಗ ಮನೆಯಲ್ಲಿ ಆಡುತ್ತಿದ್ದ ಮಾತು. ಸುಪ್ರೀಂ ಕೋರ್ಟು ಹೇಳಿದ್ದು ಬೇರೆ. ಕರ್ನಾಟಕದ ಶಿಕ್ಷಣ ಮಾಧ್ಯಮದ ಮೊಕದ್ದಮೆಯಲ್ಲಿ 2014ರಲ್ಲಿ ಸಂವಿಧಾನ ಪೀಠ, ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ಪಾಲಕರು ಎಂದಿತು.

ತೀರ್ಮಾನದ ಜಾಗಕ್ಕೆ ರಾಜಕಾರಣವೂ ಬರುತ್ತದೆ. ಪಂಜಾಬಿನಲ್ಲಿ 1961ರ ಗಣತಿಯ ಹೊತ್ತಿಗೆ, ಮನೆಯಲ್ಲಿ ಪಂಜಾಬಿ ಆಡುತ್ತಿದ್ದ ಅನೇಕ ಹಿಂದೂಗಳು ಹಿಂದಿ ಎಂದು ಬರೆಸಿದರು. 1966ರಲ್ಲಿ ರಾಜ್ಯ ಒಡೆದಾಗ ಗಡಿ ಗುರುತಿಸಿದವರ ಮುಂದಿದ್ದದ್ದು ಅವೇ ಅಂಕಿಗಳು.

2011ರ ಗಣತಿಯಲ್ಲಿ ಜನ ಬರೆಸಿದ ಮಾತೃಭಾಷೆಗಳ ಹೆಸರು 19,569. ಅವನ್ನು ಸೋಸಿ 1,369 ಮಾಡಿದರು, ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಆಡುವ 121 ಭಾಷೆಗಳಡಿ ಗುಂಪುಗೂಡಿಸಿದರು. ಹಿಂದಿಯ 52.8 ಕೋಟಿಯಲ್ಲಿ ಭೋಜಪುರಿ ಎಂದು ಹೇಳಿದ ಐದು ಕೋಟಿ ಜನರಿದ್ದಾರೆ, ರಾಜಸ್ಥಾನಿ ಎಂದ ಎರಡೂವರೆ ಕೋಟಿ ಜನರಿದ್ದಾರೆ. ಮೈಥಿಲಿಯೂ ಹಿಂದೆ ಅದರೊಳಗೇ ಇತ್ತು. 2003ರ ತಿದ್ದುಪಡಿಯಿಂದ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿ ಹೊರಬಂತು. ಹಿಂದಿಯೇ ರಾಷ್ಟ್ರಭಾಷೆ ಎಂಬ ವಾದಕ್ಕೆ ಬಲ ಕೊಡುವುದು ಈ ಒಟ್ಟು ಮೊತ್ತವೇ ಆದ್ದರಿಂದ ಅದಕ್ಕೆ ಕನ್ನಡಿಗರ ಆಕ್ಷೇಪ ನ್ಯಾಯವಾದದ್ದು.

ಹಾಗೆಂದು ಕನ್ನಡದ ಸಾಲನ್ನು ಓದದೆ ಬಿಡುವಂತಿಲ್ಲ. ಅಲ್ಲಿ ಕಾಣುವ 4.37 ಕೋಟಿಯಲ್ಲಿ, ನೀಲಗಿರಿಯ ಬಡಗ ನುಡಿ ತಮ್ಮದೆಂದ 1,33,550 ಮಂದಿಯೂ ಸೇರಿದ್ದಾರೆ. ಬಡಗ ಕನ್ನಡಕ್ಕೆ ತೀರ ಹತ್ತಿರ, ನಿಜ. ಆದರೆ ಹತ್ತಿರದ ನುಡಿಯನ್ನೆಲ್ಲ ನುಂಗಬಹುದಾದರೆ ಭೋಜಪುರಿಯವರ ಪರ ಆಡಲು ಮಾತೇ ಉಳಿಯುವುದಿಲ್ಲ.

ಕೊಡವದ ಸ್ಥಿತಿ ಇನ್ನೂ ಕಳವಳದ್ದು. 2001ರಲ್ಲಿ ಅದನ್ನು ಬರೆಸಿದವರು 1,66,187, ಹತ್ತು ವರ್ಷದ ನಂತರ 1,13,857. ಕೊಡಗಿನ ಜನಸಂಖ್ಯೆಯೇನೂ ಆ ಅವಧಿಯಲ್ಲಿ ಕುಗ್ಗಿರಲಿಲ್ಲ. ಎಷ್ಟು ಮನೆಗಳು ಮಾತು ಬಿಟ್ಟವು, ಎಷ್ಟು ಮನೆಗಳು ಬೇರೆ ಹೆಸರು ಬರೆಸಿದವು ಎಂಬುದನ್ನು ಅಂಕಿ ಬಿಡಿಸಿ ಹೇಳುವುದಿಲ್ಲ.

ಮುಂದಿನ ಗಣತಿ 2027ರದು. ಬಡಗ ಎಂದವರನ್ನು ಬಡಗ ಎಂದೇ ಎಣಿಸಿ ಎಂದು ಅದಕ್ಕೆ ಮೊದಲು ದೆಹಲಿಗೆ ಬರೆಯಬೇಕಾದವರು ಕನ್ನಡಿಗರು. ಕನ್ನಡದ ಮೊತ್ತದಲ್ಲಿ ಅದರಿಂದ ಒಂದೂಕಾಲು ಲಕ್ಷದಷ್ಟು ಕಡಿಮೆಯಾದರೂ ಸರಿ.