ಕಾವಲಿನ ಹುಲ್ಲು, ನೆಲದೊಳಗಿನ ಇಲಿ

ಶಿವಮೊಗ್ಗದ ರಾಗಿಗುಡ್ಡವನ್ನು ಹಿಂದೆ ಬಿಟ್ಟು ಭದ್ರಾವತಿ, ತರೀಕೆರೆಗಳ ಮೂಲಕ ಅಜ್ಜಂಪುರದ ಕಡೆಗೆ ಸಾಗಿದಂತೆ ಮಲೆನಾಡಿನ ಅಂಚು ಕಳೆದು ಬಯಲುಸೀಮೆಯ ಒಣ ಹುಲ್ಲುನೆಲ ತೆರೆದುಕೊಳ್ಳುತ್ತದೆ. ಸರ್ಕಾರಿ ದನಗಳಿಗೆಂದು ಮೈಸೂರು ಅರಸರು ಮೀಸಲಿಟ್ಟ ಇಂಥ ನೆಲಕ್ಕೆ ಕಾವಲು ಎಂದು ಹೆಸರು. ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ (1673–1704) ಬೆಣ್ಣೆ ಚಾವಡಿ ಎನಿಸಿದ್ದ ಈ ದನಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ದಂಡಿನ ಫಿರಂಗಿ, ಸಾಮಾನುಗಳನ್ನು ಎಳೆಯುವ ಎತ್ತುಗಳು ಇಲ್ಲಿಂದಲೇ ಹೋಗುತ್ತಿದ್ದವು.

ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆಬೇರೆ ಕಾವಲುಗಳಿದ್ದು, ಕಾಲ ತಿರುಗಿದಾಗ ಹಿಂಡು ಮತ್ತೊಂದಕ್ಕೆ ಹೊರಡುತ್ತಿದ್ದುದರಿಂದ, ಬಿಟ್ಟುಹೋದ ಕಾವಲಿನಲ್ಲಿ ಹುಲ್ಲು ಮತ್ತೆ ಚಿಗುರಲು ಬಿಡುವು ಸಿಗುತ್ತಿತ್ತು. ಎತ್ತಿಗಾಗಿ ಮಾಡಿದ ಈ ಏರ್ಪಾಟು ಕಾವಲಿನ ಇಲಿಗಳಿಗೂ ಅನುಕೂಲವಾಯಿತೆಂಬುದು ಅವುಗಳ ಜೀವನಕ್ರಮವನ್ನು ಬಲ್ಲವರಿಗೆ ಸಹಜವಾಗಿಯೇ ತೋರುತ್ತದೆ. ಹುಲ್ಲಿನ ನಡುವೆ ಗೂಡು ಕಟ್ಟುವ ಗುಲಂದಿ ಇಲಿಗೆ ಮರೆ ಬೇಕು. ದನ ಬುಡದವರೆಗೆ ಮೇದರೆ ಅದು ಹದ್ದು, ಗುಳ್ಳೆನರಿಗಳ ಕಣ್ಣಿಗೆ ಬೀಳುತ್ತದೆ. ಹಲವು ಬಾಯಿಗಳ ಬಿಲ ತೋಡಿ ಹಗಲೆಲ್ಲ ಒಳಗೇ ಕಳೆಯುವ, ಬಾಲದ ತುದಿಯಲ್ಲಿ ಕುಚ್ಚುಳ್ಳ ಜೆರ್ಬಿಲ್, ಕನ್ನಡದ ಬಿಲ ಇಲಿ, ತೆರೆದ ನೆಲವನ್ನು ತಾಳಿಕೊಳ್ಳುತ್ತದೆಯಾದರೂ, ಹಿಂಡು ಒಂದೇ ಕಡೆ ನಿಂತರೆ ಗೊರಸಿನ ತುಳಿತಕ್ಕೆ ಬಿಲದ ಮೇಲ್ಮಣ್ಣು ಕುಸಿಯುತ್ತದೆ, ತಿನ್ನುವ ಬೀಜವೂ ತೆನೆಗಟ್ಟುವ ಮೊದಲೇ ದನದ ಬಾಯಿಗೆ ಹೋಗುತ್ತದೆ. ಅಮೆರಿಕದ ಹುಲ್ಲುಬಯಲಿನ ಪ್ರೇರಿ ನಾಯಿ ಎಂಬ ದಂಶಕವಾದರೋ ಗಿಡ್ಡ ಹುಲ್ಲನ್ನೇ ಬಯಸುತ್ತದೆ. ಆದ್ದರಿಂದ ದನ ಮೇಯುವುದು ಒಳಿತೋ ಕೆಡುಕೋ ಎಂದು ಒಂದೇ ಮಾತಿನಲ್ಲಿ ಹೇಳುವುದು ತಪ್ಪು.

ಈ ಇಲಿಗಳ ಅರಿವು ಮೊದಲಿಗೆ ವಿದ್ವಾಂಸರದಲ್ಲ, ಕೆರೆ ತೋಡುವ ವಡ್ಡರದು. ಧಾರವಾಡ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ಪ್ರಕಟಿಸಿದ ಸಸ್ತನಿಗಳ ಪಟ್ಟಿಯಲ್ಲಿ, ಸುಗ್ಗಿಯಲ್ಲಿ ಕೊಕ್ಕು ಎಂಬ ಹೆಗ್ಗಣದ ಬಿಲಗಳನ್ನು ಅಗೆದು, ಅದು ಕೂಡಿಟ್ಟ ಕಾಳಿನಿಂದಲೇ ವಡ್ಡರು ಹೊಟ್ಟೆ ಹೊರೆಯುತ್ತಿದ್ದುದು ದಾಖಲಾಗಿದೆ. 1826ರಲ್ಲಿ ಮುಂಗಾರು ಕೈಕೊಟ್ಟಾಗ ನಡೆದುದು ಇನ್ನೂ ಗಮನಾರ್ಹ: ಎರೆಭೂಮಿಯ ಬಿರುಕುಗಳಲ್ಲಿ ವಾಸಿಸುವ ಮೆತ್ತನೆಯ ಕೂದಲಿನ ಮೆಟ್ಟಾಡ ಇಲಿಗಳು ಪ್ರತಿವರ್ಷ ಮೊದಲ ಮಳೆಗೆ ಬಿರುಕು ಮುಚ್ಚಿ ಸಾಯುತ್ತಿದ್ದವು, ಆ ವರ್ಷ ಮಳೆಯಿಲ್ಲದೆ ಉಳಿದು ಹೆಚ್ಚಿ, ಬಿತ್ತಿದ ಬೀಜವನ್ನೇ ತಿಂದವು. ರೈತರು ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳೆಂದು ಗೊತ್ತುಮಾಡಿ ವಡ್ಡರನ್ನು ಕರೆಸಿದರು. ಸಾವಿರಾರು ಇಲಿಗಳು ಸತ್ತರೂ ಹಾವಳಿ ಇಳಿಯಲಿಲ್ಲ. ಗುಲಂದಿ ಎಂಬ ಕನ್ನಡ ಮಾತು ಗೊಲುಂಡ ಎಂಬ ಲ್ಯಾಟಿನ್ ಕುಲನಾಮವಾಗಿ ಇಂದಿಗೂ ಉಳಿದಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಗಿಲಾಗಿದ್ದ ಅಮೃತಮಹಲ್ ಕಾವಲುಗಳು ಈಗ ಒಂದು ಲಕ್ಷ ಎಕರೆಯೂ ಇಲ್ಲ. ಹುಲ್ಲು ಹೋಗಿ ಹೊಲವಾದ ಕಡೆ ಗುಲಂದಿಯ ಮರೆ ಅಳಿದಿದೆ, ಕೊಕ್ಕಿನ ಕಣಜ ತುಂಬಿದೆ. ಉಳಿದ ಕಾವಲುಗಳಿಗಾದರೂ ಋತುವಿನ ಬಿಡುವನ್ನು ಮರಳಿ ಕೊಡಬೇಕು.